ಹೊಸ್ತಿಲ ಮೇಲಿನ ಕೈ

ನ್ಯೂಯಾರ್ಕಿನ ಯೂನಿಯನ್ ಥಿಯಲಾಜಿಕಲ್ ಸೆಮಿನರಿಯಲ್ಲಿ ಬೈಬಲ್ ಅಧ್ಯಯನಕ್ಕೊಂದು ಪೀಠ. ಬಾಲ್ಡ್‌ವಿನ್ ಎಂಬ ಹೆಸರಿನ ‘ಪವಿತ್ರ ಸಾಹಿತ್ಯ’ದ ಪ್ರಾಧ್ಯಾಪಕ ಸ್ಥಾನ. 1980ರಿಂದ 1998ರವರೆಗೆ ಅದರಲ್ಲಿದ್ದವರು ಫಿಲಿಸ್ ಟ್ರಿಬಲ್. ‘ಪವಿತ್ರ ಸಾಹಿತ್ಯ’ ಎಂದರೆ ಕೈಮುಗಿದು ಕೇಳುವ ಪಾಠವೇ ಇರಬೇಕೆನಿಸುತ್ತದೆ. ಅಲ್ಲಿ ಕುಳಿತೇ ಈಕೆ 1984ರಲ್ಲಿ ಹೊರತಂದ ಪುಸ್ತಕ ‘ಟೆಕ್ಸ್ಟ್ಸ್ ಆಫ್ ಟೆರರ್’. ಎಂದರೆ, ದಿಗಿಲು ಹುಟ್ಟಿಸುವ ಕತೆಗಳು. ಪೀಠದ ಹೆಸರಿಗೂ ಪುಸ್ತಕದ ಹೆಸರಿಗೂ ಇರುವ ಈ ಜಗಳವೇ ನನ್ನನ್ನು ಎಳೆದದ್ದು.

ನಾಲ್ವರು ಹೆಂಗಸರು. ಮನೆಯಿಂದ ಹೊರದಬ್ಬಿಸಿಕೊಂಡ ದಾಸಿ ಹಾಗರಳು, ಮಲ ಅಣ್ಣನ ಬಲಾತ್ಕಾರಕ್ಕೆ ಸಿಕ್ಕ ತಾಮಾರಳು, ಅಪ್ಪನ ಹರಕೆಗೆ ಬಲಿಯಾದ ಯೆಪ್ತಾಹನ ಮಗಳು, ನ್ಯಾಯಸ್ಥಾಪಕರ ಪುಸ್ತಕದ 19ನೆಯ ಅಧ್ಯಾಯದ ಉಪಪತ್ನಿ. ಕೊನೆಯ ಇಬ್ಬರಿಗೆ ಕತೆಯಲ್ಲಿ ಹೆಸರೂ ಇಲ್ಲ.

ಆ ಉಪಪತ್ನಿಯ ಅಧ್ಯಾಯವನ್ನು ನಾನು ಒಂದೇ ಸಲಕ್ಕೆ ಓದಿ ಮುಗಿಸಲಾಗಲಿಲ್ಲ. ಊರ ಪುಂಡರು ಮನೆ ಸುತ್ತುವರಿದು ಗಂಡನನ್ನು ಕೇಳುತ್ತಾರೆ. ಅವನು ಇವಳನ್ನು ಹಿಡಿದು ಹೊರಗೆ ಬಿಡುತ್ತಾನೆ. ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಅವಳ ಕೈ. ‘ಏಳು, ಹೋಗೋಣ’ ಎನ್ನುತ್ತಾನೆ. ಉತ್ತರವಿಲ್ಲ. ಮನೆಗೊಯ್ದು ಅವಳನ್ನು ಹನ್ನೆರಡು ತುಂಡು ಮಾಡುತ್ತಾನೆ. ಗ್ರೀಕ್ ಅನುವಾದ ಇಲ್ಲೊಂದು ಮಾತು ಸೇರಿಸಿತು: ಅವಳು ಸತ್ತಿದ್ದಳು ಎಂದು. ಹೀಬ್ರೂ ಮೂಲದಲ್ಲಿ ಅದಿಲ್ಲ. ಹಾಗಾದರೆ ಅವನು ಕತ್ತಿ ಹಿಡಿದಾಗ ಅವಳಲ್ಲಿ ಉಸಿರಿತ್ತೇ? ಟ್ರಿಬಲ್ ಈ ಪ್ರಶ್ನೆಯನ್ನು ಮುಚ್ಚಿಹಾಕುವುದಿಲ್ಲ. ಯಾರದ್ದೋ ಮರ್ಯಾದೆ ಕಾಯಲು ಸೇರಿಸಿದ ಒಂದು ಸಣ್ಣ ಮಾತನ್ನು ಬೆರಳಿಟ್ಟು ತೋರಿಸುವುದು, ಪಾಂಡಿತ್ಯ ಎಂದರೆ ಇದು ಎನ್ನಿಸಿತು ನನಗೆ.

ನನ್ನ ತಕರಾರು ಬೇರೆ. ಒಬ್ಬೊಬ್ಬಳಿಗೂ ಈಕೆ ಪುಸ್ತಕದಲ್ಲಿ ಒಂದು ಗೋರಿಕಲ್ಲಿನ ಚಿತ್ರ ಇಟ್ಟಿದ್ದಾರೆ. ಹಾಗರಳ ಕಲ್ಲಿನ ಮೇಲಿನ ಬರಹ ಯೆಶಾಯನ ಪುಸ್ತಕದ ನೊಂದ ಸೇವಕನ ವರ್ಣನೆಯಿಂದ ತಂದದ್ದು, ಅಂದರೆ ಕ್ರೈಸ್ತರು ಕ್ರಿಸ್ತನ ಬಗ್ಗೆ ಓದಿಕೊಳ್ಳುವ ಮಾತು. ಈ ಹೆಂಗಸರ ನೋವನ್ನು ಶಿಲುಬೆಯ ನೋವಿನ ಕೆಳಗೆ ಇಡಬೇಡಿ ಎಂದು ಪುಸ್ತಕದ ಮೊದಲಲ್ಲಿ ಎಚ್ಚರಿಸಿದವರೂ ಅವರೇ! ಗೌರವಿಸುವ ಆಸೆಯಿಂದಲೇ ಮಾಡಿರಬಹುದು. ಆದರೂ ಯಾರ ಪಾಪಕ್ಕೋ ನೊಂದವಳು ಎಂದೊಡನೆ ಆ ನೋವಿಗೊಂದು ಪ್ರಯೋಜನ ಬಂದುಬಿಡುತ್ತದಲ್ಲ, ಅದು ನನಗೆ ಒಪ್ಪಿಗೆಯಿಲ್ಲ.

ಅದೂ ಹಾಗರಳಿಗೆ ಗೋರಿ ಏಕೆ? ಆಕೆ ಕತೆಯಲ್ಲಿ ಸಾಯುವುದೇ ಇಲ್ಲ. ದೇವರಿಗೇ ಹೆಸರಿಟ್ಟವಳು. ಮರಳುಗಾಡಿನಲ್ಲಿ ನೀರು ಕಂಡು ಮಗನನ್ನು ಉಳಿಸಿಕೊಂಡು, ತನ್ನ ತವರುನೆಲ ಐಗುಪ್ತದಿಂದಲೇ ಸೊಸೆ ತಂದುಕೊಂಡಳು.