ಮೊದಲ ಪುಟಕ್ಕೆ ಬರದ ಅಜ್ಜಿ

ಕೆಂಗೇರಿಯ ಗೆಳೆಯನೊಬ್ಬ ತನ್ನ ಮನೆತನದ ನಂಬಿಕೆಯ ಕತೆ ಬರೆದು ತಂದಿದ್ದ. ಮಳವಳ್ಳಿ ಕಡೆಯಿಂದ ಬಂದ ಮನೆ. ಅಜ್ಜಿಗೆ ಮಾರಮ್ಮ, ಅಪ್ಪನಿಗೆ ಮಂಟೇಸ್ವಾಮಿ, ಇವನಿಗೆ ಬುದ್ಧ. ಆದರೆ ಮೊದಲ ಪುಟದಲ್ಲಿ ಆ ಮನೆಯೇ ಇಲ್ಲ. ‘ಧರ್ಮ ಎಂದರೇನು’ ಅಂತ ಶುರುವಾಗಿ ಮೂರು ಪುಟ ಭಾಷಣ. ಅಜ್ಜಿ ಬರೋದು ಇಪ್ಪತ್ತನೇ ಪುಟಕ್ಕೆ, ಅದೂ ‘ಮೂಢನಂಬಿಕೆಯ ಮುಗ್ಧ ಜೀವ’ ಅನ್ನೋ ಹಣೆಪಟ್ಟಿ ಹಚ್ಚಿಕೊಂಡು. ‘ಯಾಕಪ್ಪಾ ಹಿಂಗೆ?’ ಅಂದೆ. ‘ಓದೋರು ಏನಂದ್ಕೋತಾರೋ ಅಂತ’ ಅಂದ.

ಈ ‘ಓದೋರು’ ಯಾರು? ಇದು ಬರೀ ಬರವಣಿಗೆಯ ಕಸುಬಿನ ಪ್ರಶ್ನೆಯಲ್ಲ. ಯಾರ ಮುಂದೆ ನಿಂತು ಮಾತಾಡುತ್ತಿದ್ದೇವೆ ಎಂಬುದನ್ನು ಮೊದಲ ಪುಟವೇ ಹೇಳಿಬಿಡುತ್ತದೆ. ಯಜಮಾನನ ಮುಂದೆ ನಿಂತರೆ ಅಜ್ಜಿಯ ದೇವರಿಗಾಗಿ ಕ್ಷಮೆ ಕೇಳುತ್ತೇವೆ. ಇಲ್ಲವೇ ‘ಜನಪದ ಸಂಸ್ಕೃತಿ’ ಅಂತ ಅಲಂಕಾರ ಮಾಡಿ ತೋರಿಸುತ್ತೇವೆ. ಎರಡರಲ್ಲೂ ಅಜ್ಜಿ ಕಾಣೆ.

ಇಲ್ಲಿ ಬಾಬಾಸಾಹೇಬರನ್ನೇ ನೋಡಬೇಕು. ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥಕ್ಕೆ 1956ರಲ್ಲಿ ಅವರೊಂದು ಮುನ್ನುಡಿ ಬರೆದಿದ್ದರು. ಅವರು ತೀರಿಕೊಂಡ ಮೇಲೆ, 1957ರಲ್ಲಿ ಪುಸ್ತಕ ಬಂದಾಗ ಅದು ಸೇರಲಿಲ್ಲ. ಬೌದ್ಧ ಧರ್ಮದತ್ತ ಯಾಕೆ ಒಲಿದಿರಿ ಎಂಬ ಪ್ರಶ್ನೆಗೆ ಉತ್ತರಿಸುತ್ತಾ ಅವರು ಅಲ್ಲಿ ತಮ್ಮ ಮನೆಯ ಕತೆಯನ್ನು ಹೇಳುತ್ತಾರೆ. ಸೈನ್ಯದಲ್ಲಿದ್ದ ಕಬೀರಪಂಥಿ ಅಪ್ಪ ಮಕ್ಕಳಿಂದ ರಾಮಾಯಣ, ಮಹಾಭಾರತ ಓದಿಸುತ್ತಿದ್ದರು. ಮಗ ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದಾಗ ಜನ ಸಭೆ ಮಾಡಿದರು. ಆ ಸಂದರ್ಭದಲ್ಲಿ ಕೇಳೂಸ್ಕರ್ ತಾವು ಬರೆದ ಬುದ್ಧಚರಿತ್ರೆಯನ್ನು ಕೈಗಿತ್ತರು. ಓದಿದ ಮಗ ಅಪ್ಪನನ್ನು ಕೇಳುತ್ತಾನೆ: ಬ್ರಾಹ್ಮಣ, ಕ್ಷತ್ರಿಯರ ಹಿರಿಮೆಯನ್ನೂ ಶೂದ್ರ, ಅಸ್ಪೃಶ್ಯರ ಹೀನಾಯವನ್ನೂ ಹೇಳುವ ಈ ಕತೆಗಳನ್ನು ನಮ್ಮಿಂದ ಯಾಕೆ ಓದಿಸುತ್ತೀರಿ? ಅಪ್ಪ ಮೊದಲು ಗದರುತ್ತಾರೆ. ಮತ್ತೊಮ್ಮೆ ಕೇಳಿದಾಗ, ನಾವು ಅಸ್ಪೃಶ್ಯರು, ನಿಮಗೆ ಕೀಳರಿಮೆ ಬರಬಾರದು, ದ್ರೋಣ, ಕರ್ಣರು ಎಷ್ಟು ಎತ್ತರಕ್ಕೆ ಏರಿದರು ನೋಡಿ ಎನ್ನುತ್ತಾರೆ. ಆ ಮಾತಿನಲ್ಲಿ ಬಲವಿದೆ ಎಂದು ಮಗ ಒಪ್ಪುತ್ತಾನೆ. ಸಮಾಧಾನ ಮಾತ್ರ ಆಗುವುದಿಲ್ಲ.

ಗಮನಿಸಿ, ಅಪ್ಪನನ್ನು ಇಲ್ಲಿ ಮೂಢ ಅಂತ ಕರೆದಿಲ್ಲ. ಅವಮಾನದ ಲೋಕದಲ್ಲಿ ಮಕ್ಕಳ ಬೆನ್ನು ಬಾಗದಿರಲಿ ಎಂದು ಕೈಗೆ ಸಿಕ್ಕಿದ ಪುಸ್ತಕವನ್ನೇ ಊರುಗೋಲು ಮಾಡಿಕೊಂಡ ಮನುಷ್ಯ ಆತ. ಅದನ್ನು ಅರಿತೇ ಮಗ ಬೇರೆ ದಾರಿ ಹಿಡಿಯುತ್ತಾನೆ. ಹಾಗಾಗಿಯೇ ಆ ನಿರಾಕರಣೆಗೆ ತೂಕವಿದೆ.

ನಮ್ಮ ಪಕ್ಕದ ಉದಾಹರಣೆ ಸಿದ್ಧಲಿಂಗಯ್ಯನವರದು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ರಾಜಾಜಿನಗರದ ಮಗ್ಗುಲಿನ ಶ್ರೀರಾಮಪುರಕ್ಕೆ ಬಂದು ಬೆಳೆದವರು. ‘ಊರುಕೇರಿ’ಯ ಆರಂಭದ ಪುಟಗಳಲ್ಲಿ ಹೆಗಲಿಗೆ ನೊಗ ಹೊತ್ತು ಹೊಲ ಉಳುವ ಮನುಷ್ಯರಿದ್ದಾರೆ, ಅವರಲ್ಲೊಬ್ಬರು ಅಪ್ಪ. ನೋಡುವ ಹುಡುಗನಿಗೆ ಅದು ತಮಾಷೆಯೂ ಹೌದು, ಸಂಕಟವೂ ಹೌದು. ವ್ಯಾಖ್ಯಾನವಿಲ್ಲ. ದೇವರು ದೆವ್ವಗಳ ಬಗ್ಗೆ ‘ಅವತಾರಗಳು’ ಬರೆದಾಗಲೂ ಅವರು ನಕ್ಕದ್ದು ಕೇರಿಯ ಒಳಗೆ ಕೂತು. ಹೊರಗೆ ನಿಂತು ಅಲ್ಲ. ಹೋರಾಟದ ಹಾಡು ಕಟ್ಟಿದ ಅದೇ ಮನುಷ್ಯ ಗ್ರಾಮದೇವತೆಗಳ ಮೇಲೆ ಸಂಶೋಧನೆಯನ್ನೂ ಮಾಡಿದರು.

ಮನೆಯ ನಂಬಿಕೆ ಬರೆಯುವಾಗ ಪ್ರೀತಿ ಮತ್ತು ಜಗಳ ಎರಡೂ ಮೊದಲ ಪುಟದಲ್ಲೇ ಒಟ್ಟಿಗೆ ಕೂರಬೇಕು. ಅದಕ್ಕೆ ಒಂದು ಘಟನೆ ಸಾಕು, ಸಿದ್ಧಾಂತ ಆಮೇಲೆ ಬರಲಿ.

ಟೀ ಕುಡೀತಾ ಗೆಳೆಯ ಹೇಳಿದ: ಇವನು ಬುದ್ಧನ ಮೂರ್ತಿ ಮನೆಗೆ ತಂದ ದಿನ ಅಜ್ಜಿ ಮಾರಮ್ಮನನ್ನು ಸ್ವಲ್ಪ ಸರಿಸಿ ಜಾಗ ಮಾಡಿದಳಂತೆ. ಆಮೇಲೆ ಮೂರ್ತಿಯನ್ನೇ ನೋಡ್ತಾ, ‘ಈಯಪ್ಪ ಕೋಳಿ ಕೇಳಲ್ವಾ? ಹಂಗಾದ್ರೆ ಇರ್ಲಿ ಬುಡು, ಖರ್ಚು ಕಮ್ಮಿ’ ಅಂದಳಂತೆ.

‘ಇದು ಎಷ್ಟನೇ ಪುಟದಲ್ಲಿದೆ?’ ಅಂತ ಕೇಳಿದೆ.

‘ಇದನ್ನ ಬರ್ದಿಲ್ಲ ಸಾರ್’ ಅಂದ.