ಅರ್ಧಚಂದ್ರದೊಳಗಿನ ಚಿತ್ರಗಳು

ಊರಿಂದ ಮುಂಬಯಿಗೆ ಬಂದವರನ್ನು ನಾವು ತಪ್ಪದೆ ಗೇಟ್‌ವೇ ಆಫ್ ಇಂಡಿಯಾಕ್ಕೆ ಕರೆದೊಯ್ಯುತ್ತೇವೆ. ದಾರಿಯಲ್ಲಿ, ರೀಗಲ್ ಟಾಕೀಸಿನ ವೃತ್ತದ ಬಳಿ ಇರುವ ಕಲ್ಲಿನ ಕಟ್ಟಡವನ್ನು ಯಾರೂ ಗಮನಿಸುವುದಿಲ್ಲ. ಅದು 1911ರ ಕಾವಸ್‌ಜಿ ಜಹಾಂಗೀರ್ ಹಾಲ್. ಗೇಟ್‌ವೇಯನ್ನೂ ಎದುರಿನ ಮ್ಯೂಸಿಯಮ್ಮನ್ನೂ ರೂಪಿಸಿದ ಜಾರ್ಜ್ ವಿಟೆಟ್ ಅವರದೇ ವಿನ್ಯಾಸ. ಸಂಗೀತ ಕಚೇರಿ, ಕಾರ್ಮಿಕರ ಸಭೆ, ಬಾಕ್ಸಿಂಗು, ಮದುವೆಯ ಆರತಕ್ಷತೆ, ಕೊನೆಗೆ ಚರ್ಮದ ಸಾಮಾನಿನ ಮಾರಾಟ ಎಲ್ಲವನ್ನೂ ಕಂಡ ಈ ಹಾಲ್ 1996ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು.

ನನ್ನ ಸೋದರಮಾವ ಅರವತ್ತರ ದಶಕದಲ್ಲಿ ಫೋರ್ಟಿನ ಹೋಟೆಲೊಂದರಲ್ಲಿ ಕ್ಲೀನರ್ ಹುಡುಗ. ಈಚೆಗೆ ಉಡುಪಿಯಿಂದ ಬಂದಾಗ ಅವರನ್ನು ಒಳಗೆ ಕರೆದುಕೊಂಡು ಹೋದೆ.

ಹೊರಗಿನ ಗಾಂಭೀರ್ಯ ಒಳಗಿಲ್ಲ. ಅರ್ಧವೃತ್ತದ ಗ್ಯಾಲರಿಗಳು ಒಂದರ ಮೇಲೊಂದು, ನಡುವೆ ಮೆಟ್ಟಿಲು, ತುದಿಯಲ್ಲಿ ಗುಮ್ಮಟ. ಚಿತ್ರಗಳಿಗೆ ಇದು ಸುಲಭದ ಮನೆಯಲ್ಲ. ಬಾಗಿದ ಗೋಡೆಯ ಮೇಲೆ ಚಪ್ಪಟೆ ಚೌಕಟ್ಟು ಒಗ್ಗುವುದಿಲ್ಲ. ದೊಡ್ಡ ಕ್ಯಾನ್ವಾಸನ್ನು ದೂರದಿಂದ ನೋಡೋಣವೆಂದು ಹಿಂದೆ ಸರಿದರೆ ಜಾಗ ಸಾಲದು. ಆದರೆ ಸಣ್ಣ ರೇಖಾಚಿತ್ರಗಳಿಗೆ ಇದೇ ಬಾಗು ವರ. ನಡೆಯುತ್ತ ಹೋದಂತೆ ಅವು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಹರಿಯುವ ರೇಖೆಗಳನ್ನು ನಾನು ಮನಸ್ಸಿನಲ್ಲೇ ಅಲ್ಲಿ ತೂಗುಹಾಕಿ ನೋಡಿದೆ. ಹೆಬ್ಬಾರರು ಹುಟ್ಟಿದ್ದು ಹಾಲ್ ಕಟ್ಟಿದ 1911ರಲ್ಲಿ, ತೀರಿಕೊಂಡದ್ದು ಗ್ಯಾಲರಿ ತೆರೆದ 1996ರಲ್ಲಿ. ಈ ಊರಿಗೆ ಚಿತ್ರ ಕಲಿಯಲು ಬಂದ ಅವರು ಜೆ.ಜೆ. ಸ್ಕೂಲಿನಲ್ಲಿ ಕಲಿತು, ಅಲ್ಲೇ ಕಲಿಸಿದರು.

ಮಾವ ಚಿತ್ರಕ್ಕಿಂತ ಹೆಚ್ಚಾಗಿ ನೆಲ ನೋಡುತ್ತಿದ್ದರು.

"ಇಲ್ಲಿ ಮೊದಲು ಕುರ್ಚಿ ಇತ್ತು ಮಾರಾಯಾ. ರಜೆಯ ದಿನ ಯಾವುದಾದ್ರೂ ಸಭೆ ಇದ್ರೆ ಬಂದು ಹಿಂದೆ ಕೂರ್ತಿದ್ದೆ."

"ಭಾಷಣ ಅರ್ಥ ಆಗ್ತಿತ್ತಾ ಮಾವ?"

"ಎಂತ ಅರ್ಥ! ಆಗ ನಂಗೆ ಮರಾಠಿಯೂ ಬರ್ತಿರ್ಲಿಲ್ಲ, ಇಂಗ್ಲಿಷೂ ಇಲ್ಲ. ಆದ್ರೆ ಅಲ್ಲಿ ಯಾರೂ ಎಬ್ಬಿಸ್ತಿರ್ಲಿಲ್ಲ."

ಈ ಪರಿವರ್ತನೆ ಕಟ್ಟಡವನ್ನು ಉಳಿಸಿತು, ನಿಜ. ಪಟ್ಟು ಹಿಡಿದ ಕಲಾವಿದರಿಗೆ ನಾವು ಋಣಿಗಳು. ಆದರೆ ಗ್ಯಾಲರಿಯ ಯಶಸ್ಸನ್ನು ಗೋಡೆಯ ಮೇಲಿನ ಹೆಸರುಗಳಿಂದ ಮಾತ್ರ ಅಳೆಯಬಾರದು. ಅರ್ಥವಾಗದವನಿಗೂ ಒಳಗೆ ಬರುವ ಧೈರ್ಯ ಕೊಡುವ ಗುಣ ಹಳೆಯ ಹಾಲಿಗಿತ್ತು. ಟಿಕೇಟು ದುಬಾರಿಯೇನಲ್ಲ, ಆದರೂ ಆ ಮೌನ ಕೆಲವರನ್ನು ಬಾಗಿಲಲ್ಲೇ ತಡೆಯುತ್ತದೆ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಮಾವ ಕೇಳಿದರು, "ಈಗ ಹೋಟೆಲಿನ ಹುಡುಗ್ರು ಬರ್ತಾರಾ ಇಲ್ಲಿಗೆ?"

ಆ ದಿನ ನಾನಂತೂ ಯಾರನ್ನೂ ಕಂಡಿರಲಿಲ್ಲ.