ಶ್ರವಣಯಂತ್ರದ ಲಕ್ಷಣವೂ ಕನ್ನಡದ ಲಕ್ಷ್ಯವೂ

ವ್ಯಾಕರಣಶಾಸ್ತ್ರದಲ್ಲಿ ಸೂತ್ರವನ್ನು ಲಕ್ಷಣವೆಂದೂ ಲೋಕದ ಪ್ರಯೋಗವನ್ನು ಲಕ್ಷ್ಯವೆಂದೂ ಕರೆಯುವರು. ಲಕ್ಷ್ಯಕ್ಕೆ ಹೊಂದದ ಲಕ್ಷಣಕ್ಕೆ ಪ್ರಾಮಾಣ್ಯವಿಲ್ಲ. ಕಿವಿ ಮಂದವಾದವರಿಗೆ ಶ್ರವಣಯಂತ್ರವನ್ನು ಹೊಂದಿಸುವ ಆಧುನಿಕ ಪದ್ಧತಿಗೆ ಈ ನ್ಯಾಯವು ಎಷ್ಟರಮಟ್ಟಿಗೆ ಅನ್ವಯಿಸುವುದೆಂದು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶವು. ಮಂಗಳೂರಿನ ಫಳ್ನೀರಿನಿಂದ ಕಂಕನಾಡಿಯವರೆಗಿನ ಅಲ್ಪದೂರದಲ್ಲಿಯೇ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ಕಿವಿಗೆ ಬೀಳುವುವು. ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಲ್ಲಿ ವಾಕ್‌ಶ್ರವಣ ವಿದ್ಯೆಯನ್ನು ಕಲಿಸುವ ಕಾಲೇಜೂ ಇದೆ. ಇಂತಹ ಸ್ಥಳದಲ್ಲಿ ಈ ವಿಷಯವು ವೈದ್ಯರಿಗೆ ಮಾತ್ರವಲ್ಲದೆ ಭಾಷಾಪಂಡಿತರಿಗೂ ಅಧ್ಯಾಪಕರಿಗೂ ಸೇರಿದುದಾಗಿದೆ.

ಮೊದಲು ಲಕ್ಷಣಭಾಗವನ್ನು ನೋಡೋಣ. ಶ್ರವಣನಷ್ಟವು ಎಷ್ಟಿದೆಯೋ ಅದರ ಸುಮಾರು ಅರ್ಧದಷ್ಟು ವರ್ಧನೆಯನ್ನು ಯಂತ್ರವು ಕೊಡಬೇಕೆಂದು 1944ರಲ್ಲಿ ಅಮೆರಿಕದ ಲೈಬಾರ್ಗರ್ ಎಂಬವರು ನಿಯಮಿಸಿದರು. 60 ಡೆಸಿಬಲ್ ನಷ್ಟಕ್ಕೆ 30 ಡೆಸಿಬಲ್ ವರ್ಧನೆ ಎಂಬುದು ಇದರ ತಾತ್ಪರ್ಯ. ಆಸ್ಟ್ರೇಲಿಯದ ರಾಷ್ಟ್ರೀಯ ಧ್ವನಿ ಪ್ರಯೋಗಾಲಯದವರು ಇದಕ್ಕಿಂತ ಸೂಕ್ಷ್ಮವಾದ ವಿಧಿಗಳನ್ನು ರಚಿಸಿದರು, 1986ರ ಎನ್.ಎ.ಎಲ್.-ಆರ್., 1999ರ ಎನ್.ಎಲ್.1, ಅದರ ತರುವಾಯದ ಎನ್.ಎಲ್.2 ಇವು ಪ್ರಸಿದ್ಧವಾದುವು. ಮಾತಿನ ಸ್ಪಷ್ಟತೆಯು ಅಧಿಕವಾಗಬೇಕು, ಒಟ್ಟು ಗಟ್ಟಿತನವು ಸಹಜಶ್ರೋತೃವಿಗೆ ತೋರುವುದನ್ನು ಮೀರಬಾರದು ಎಂಬುದು ಎನ್.ಎಲ್. ವಿಧಿಗಳ ಸಾರ. ಕೆನಡದಲ್ಲಿ ಹುಟ್ಟಿದ ಡಿ.ಎಸ್.ಎಲ್. ವಿಧಿಯು ಮುಖ್ಯವಾಗಿ ಮಕ್ಕಳನ್ನು ಉದ್ದೇಶಿಸಿದ್ದು, ಮಾತಿನ ಎಲ್ಲ ಅಂಶಗಳೂ ಮಗುವಿಗೆ ಕೇಳಿಸುವಂತೆ ಮಾಡುವುದನ್ನು ಗುರಿಯಾಗಿಟ್ಟಿತು.

ವಿಧಿಯು ಹೇಳಿದ ಗುರಿಯನ್ನು ಯಂತ್ರವು ಮುಟ್ಟಿತೇ ಎಂದು ನೋಡುವುದು ಪರೀಕ್ಷೆ. ಸಪೂರವಾದ ನಳಿಗೆಯೊಂದನ್ನು ಕರ್ಣಪಟಲದ ಸಮೀಪಕ್ಕೆ ಸೇರಿಸಿ, ಯಂತ್ರವು ಧರಿಸಲ್ಪಟ್ಟಿರುವಾಗಲೇ ಅಲ್ಲಿನ ಧ್ವನಿಯನ್ನು ಅಳೆಯುವರು. ಕಿವಿಯ ನಾಳವು ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣದಲ್ಲಿರುವುದು. ಶಿಶುವಿನ ಕಿರಿದಾದ ನಾಳದಲ್ಲಿ ಅದೇ ಯಂತ್ರದ ಧ್ವನಿಯು ಹೆಚ್ಚು ಪ್ರಬಲವಾಗುವುದು. ಆದುದರಿಂದ ತಯಾರಕರ ಗಣಕಯಂತ್ರವು ತೋರಿಸುವ ರೇಖೆಯು ಅನುಮಾನ, ನಳಿಗೆಯಿಂದ ಅಳೆದುದು ಪ್ರತ್ಯಕ್ಷ. ಪ್ರತ್ಯಕ್ಷವು ಸುಲಭವಾಗಿರುವಲ್ಲಿ ಅನುಮಾನದಿಂದ ತೃಪ್ತರಾಗುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ. ಇಲ್ಲಿಯವರೆಗೆ ಪದ್ಧತಿಯು ನಿರ್ದುಷ್ಟವಾಗಿದೆ.

ಭಾಷೆಯ ವಿಷಯದಲ್ಲಿ ಮಾತ್ರ ಸಂಶಯವು ತಲೆಯೆತ್ತುವುದು. ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. 1994ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಇಂಗ್ಲಿಷ್, ಜರ್ಮನ್, ರಷ್ಯನ್, ಜಪಾನೀ, ಸಿಂಹಳ ಮೊದಲಾದ ಭಾಷೆಗಳ ಮಾತನ್ನು ಅಳೆಯಲಾಗಿ, ದೀರ್ಘಕಾಲದ ಸರಾಸರಿಯಲ್ಲಿ ಅವುಗಳ ಧ್ವನಿಸ್ವರೂಪವು ಬಹುಮಟ್ಟಿಗೆ ಒಂದೇ ಎಂದು ಕಂಡುಬಂದಿತು. 2010ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರೀಕ್ಷಾಧ್ವನಿಯು ಅರಬಿ, ಇಂಗ್ಲಿಷ್, ಚೀನೀ, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಈ ಆರು ಭಾಷೆಗಳ ಸ್ತ್ರೀಕಂಠಗಳನ್ನು ತುಣುಕುತುಣುಕಾಗಿ ಕತ್ತರಿಸಿ ಜೋಡಿಸಿದುದು. ಅದು ಮಾತಿನಂತೆಯೇ ಇದ್ದು ಯಾರಿಗೂ ಅರ್ಥವಾಗದು. ಎಲ್ಲ ದೇಶಗಳಲ್ಲಿಯೂ ಒಂದೇ ತೆರನಾಗಿ ಅಳೆಯಲು ಇದು ಅನುಕೂಲ. ಹೀಗಿರುವಾಗ ಕನ್ನಡಕ್ಕೆ ಬೇರೆ ವಿಚಾರವೇಕೆ ಎಂದು ಕೇಳುವವರಿದ್ದಾರೆ.

ಇದಕ್ಕೆ ಸಮಾಧಾನವು ಹೀಗೆ. ಸರಾಸರಿಯು ಸಮವಾದ ಮಾತ್ರಕ್ಕೆ ಪ್ರಾಧಾನ್ಯವೂ ಸಮವೆಂದು ಸಿದ್ಧವಾಗದು. ಎನ್.ಎಲ್.2 ವಿಧಿಯೇ ಭಾಷೆಗಳನ್ನು ಸ್ವರಭೇದದಿಂದ ಅರ್ಥ ಬೇರೆಯಾಗುವುವು, ಹಾಗಿಲ್ಲದುವು ಎಂದು ಎರಡಾಗಿ ವಿಂಗಡಿಸಿ, ಚೀನೀ ಮೊದಲಾದುವಕ್ಕೆ ತಗ್ಗಿನ ನಾದಗಳಲ್ಲಿ ಹೆಚ್ಚು ವರ್ಧನೆಯನ್ನು ವಿಧಿಸಿದೆ. ಭಾಷೆಯು ಲಕ್ಷಣವನ್ನು ಬದಲಿಸಬಲ್ಲುದೆಂದು ಲಕ್ಷಣಕಾರರೇ ಒಪ್ಪಿದಂತಾಯಿತು. ಕನ್ನಡವಾದರೋ ಇಂಗ್ಲಿಷಿನ ಪಂಕ್ತಿಯಲ್ಲಿಯೇ ಕುಳಿತಿದೆ. ಇಂಗ್ಲಿಷಿನಲ್ಲಿ ಬಹುವಚನವನ್ನು ಸಾಮಾನ್ಯವಾಗಿ ಪದಾಂತ್ಯದ ಸಕಾರವು ತಿಳಿಸುವುದು. ಅದು ಬಹಳ ಎತ್ತರದ ನಾದ. ನಮ್ಮಲ್ಲಿ ಆ ಕೆಲಸವನ್ನು ‘ಗಳು’ ಎಂಬ ಪ್ರತ್ಯಯವು ಮಾಡುವುದು. ‘ಬಂದನು, ಬಂದಳು, ಬಂದರು’ ಎಂಬಲ್ಲಿ ಲಿಂಗ, ವಚನ, ಗೌರವಗಳೆಲ್ಲ ಕೊನೆಯ ನ, ಳ, ರ ಎಂಬ ವ್ಯಂಜನಗಳನ್ನು ಅವಲಂಬಿಸಿವೆ; ವಾಕ್ಯದ ತುದಿಯಲ್ಲಿ ಉಸಿರು ಇಳಿಯುವಾಗ ಇವು ಮೆಲ್ಲನೆ ಉಚ್ಚರಿಸಲ್ಪಡುವುವು. ‘ಹಲ್ಲಿ’, ‘ಹಳ್ಳಿ’ ಎಂಬ ಪದಗಳ ಭೇದವೂ ಹೀಗೆಯೇ ಸೂಕ್ಷ್ಮ: ಳಕಾರದಲ್ಲಿ ನಾಲಗೆಯು ಮೇಲಕ್ಕೆ ಮಡಿಯುವುದರಿಂದ ಧ್ವನಿಯ ಮೂರನೆಯ ಅನುನಾದವು ಕೆಳಗಿಳಿಯುವುದು.

ಇದರಿಂದ ಎರಡು ಫಲಗಳು ಸಿದ್ಧಿಸುವುವು. ಮೊದಲನೆಯದು, 65 ಡೆಸಿಬಲ್ಲಿನ ಸಾಧಾರಣ ಮಾತಿಗೆ ಗುರಿಯು ಕೂಡಿಬಂದಿತೆಂದು ಪರೀಕ್ಷೆಯನ್ನು ನಿಲ್ಲಿಸಬಾರದು. 50 ಅಥವಾ 55 ಡೆಸಿಬಲ್ಲಿನ ಮೆಲುಮಾತಿಗೂ ಅಳೆಯಬೇಕು. ನಮ್ಮ ಪ್ರತ್ಯಯಗಳು ಉಳಿಯುವುದೂ ಅಳಿಯುವುದೂ ಅಲ್ಲಿಯೇ. ಎರಡನೆಯದು, ಗುರಿಯನ್ನು ಮುಟ್ಟಿದ ಮೇಲೆಯೂ ಶ್ರೋತೃವಿನ ಮನೆಮಾತಿನಲ್ಲಿ ಅರ್ಥಗ್ರಹಣವನ್ನು ಪರೀಕ್ಷಿಸಬೇಕು. ಕನ್ನಡಕ್ಕೆ ಮೈಸೂರಿನ ಅಖಿಲ ಭಾರತ ವಾಕ್‌ಶ್ರವಣ ಸಂಸ್ಥೆಯಲ್ಲಿ 2005ರಲ್ಲಿ ಸಿದ್ಧವಾದ, ಧ್ವನಿಗಳನ್ನು ಸಮತೂಕದಲ್ಲಿ ಆರಿಸಿದ ಪದಪಟ್ಟಿಯು ಇದೆ. ಆದರೆ ಪದಪಟ್ಟಿಯು ಬಿಡಿಪದಗಳನ್ನು ಪರೀಕ್ಷಿಸುವುದೇ ಹೊರತು ವಾಕ್ಯಾಂತ್ಯದ ಪ್ರತ್ಯಯವನ್ನು ಪರೀಕ್ಷಿಸದು. ತುಳು ಮನೆಮಾತಾಗಿರುವ ವೃದ್ಧೆಯನ್ನು ಕನ್ನಡದ ಪಟ್ಟಿಯಿಂದ ಪರೀಕ್ಷಿಸಿದರೆ ತಿಳಿದುಬರುವುದು ಕಿವಿಯ ಶಕ್ತಿಯೋ ಭಾಷೆಯ ಪರಿಚಯವೋ ಎಂದು ನಿರ್ಣಯಿಸುವುದು ಕಷ್ಟ.

ಇದು ಕೇವಲ ಶಾಸ್ತ್ರವಿನೋದವಲ್ಲ. ಯಂತ್ರವನ್ನು ಧರಿಸಿದ ಬಾಲಕನೊಬ್ಬನು ‘ಅವಳು ಬಂದನು’ ಎಂದು ಬರೆದರೆ ಉಪಾಧ್ಯಾಯರು ಅದನ್ನು ವ್ಯಾಕರಣದೋಷವೆಂದು ಗಣಿಸಿ ಅಂಕಗಳನ್ನು ಕಳೆಯುವರು. ಕೇಳಿಸದ ಪ್ರತ್ಯಯವನ್ನು ಆ ಮಗುವು ಎಲ್ಲಿಂದ ಕಲಿಯಬೇಕು? ದೋಷವು ಬುದ್ಧಿಯಲ್ಲಿದೆಯೋ ಮೆಲುಮಾತಿನ ಗುರಿಯಲ್ಲಿದೆಯೋ ಎಂದು ಮೊದಲು ವಿಚಾರಿಸುವುದು ಧರ್ಮ.

ಸ್ಥಾನ, ಕರಣ, ಪ್ರಯತ್ನಗಳನ್ನು ವಿವೇಚಿಸುವ ಶಿಕ್ಷಾಶಾಸ್ತ್ರವು ನಮ್ಮಲ್ಲಿ ಪ್ರಾಚೀನವಾದುದು. ಅದರಲ್ಲಿ ಪರಿಶ್ರಮವುಳ್ಳವರು ಪ್ರತ್ಯಯಮಾತ್ರದಿಂದ ಭಿನ್ನವಾಗುವ ಕನ್ನಡ ವಾಕ್ಯಯುಗ್ಮಗಳನ್ನೂ, ಅವುಗಳಂತೆಯೇ ತುಳು, ಕೊಂಕಣಿ, ಬ್ಯಾರಿಗಳ ಯುಗ್ಮಗಳನ್ನೂ ಆಯಾ ಭಾಷಾಜ್ಞರೊಡನೆ ಸಂಗ್ರಹಿಸಿ, ಶ್ರವಣಪರೀಕ್ಷಕರ ಕೈಗೆ ಕೊಡಬೇಕೆಂದು ಪ್ರಾರ್ಥಿಸುತ್ತೇವೆ. ಅವನ್ನು ಮೆಲುಮಾತಿನಲ್ಲಿ ಕೇಳಿಸಿ ಪರೀಕ್ಷಿಸುವ ಭಾರವು ಅವರದು.